ಒಂದು ಫೋಟೋ, ಐವತ್ತು ವರ್ಷ

1970–80ರ ದಶಕಗಳಲ್ಲಿ ಸ್ಪೇನಿನ ಕಡಲತೀರಕ್ಕೆ ರಜೆ ಕಳೆಯಲು ಹೋದ ಬ್ರಿಟಿಷ್ ಕುಟುಂಬಗಳಲ್ಲಿ ಎಷ್ಟೋ ಜನ ಮನೆಗೆ ಒಂದೇ ಥರದ ಫೋಟೋ ತಂದಿದ್ದಾರೆ. ಬಿಸಿಲಿಗೆ ಕೆಂಪಾದ ಅಪ್ಪ, ಕಪ್ಪು ಕನ್ನಡಕದ ಅಮ್ಮ, ನಡುವೆ ಪುಟ್ಟ ಮಗು. ಆ ಮಗುವಿನ ಪಕ್ಕದಲ್ಲಿ ಅಂಗಿ-ಚಡ್ಡಿ ತೊಟ್ಟ ಒಂದು ಚಿಂಪಾಂಜಿ ಮರಿ. ಮರಿ ಹಲ್ಲು ಕಿರಿದು ನಗುತ್ತಿದೆ. ಕ್ಲಿಕ್. ಫೋಟೋಗ್ರಾಫರ್ ದುಡ್ಡು ಇಸ್ಕೊಂಡು, ಮರಿಯನ್ನು ಎತ್ತಿ ಮುಂದಿನ ಗಿರಾಕಿಯ ತೋಳಿಗೆ ಹಾಕುತ್ತಾನೆ. ಹಗಲು ಬೀಚಿನ ಮರಳಲ್ಲಿ, ರಾತ್ರಿ ಬಾರ್ ಮತ್ತು ಡಿಸ್ಕೋಗಳ ಗದ್ದಲದಲ್ಲಿ ಅದೇ ಮರಿ, ಅದೇ ನಗು.

ಎರಡು ನಿಮಿಷದ ವ್ಯವಹಾರ. ಆದರೆ ಆ ಎರಡು ನಿಮಿಷದ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಅದರ ಬಾಕಿಯನ್ನು ದಿನದಿನಕ್ಕೆ ತೀರಿಸುತ್ತಿರುವ ಜಾಗವೊಂದನ್ನು ನೋಡಿ ಬಂದೆ. ಅದರ ಹೆಸರು ಮಂಕಿ ವರ್ಲ್ಡ್. ಇಂಗ್ಲೆಂಡಿನ ದಕ್ಷಿಣಕ್ಕೆ ಡಾರ್ಸೆಟ್ ಕೌಂಟಿಯಲ್ಲಿ, ವೂಲ್ ಎಂಬ ಹಳ್ಳಿಯ ಹತ್ತಿರ ಇದೆ. ಅಲ್ಲಿ ಹುಲಿ ಸಿಂಹ ಆನೆ ಯಾವುದೂ ಇಲ್ಲ. ಇರುವುದೆಲ್ಲ ವಾನರಗಳು ಮಾತ್ರ. ಹೆಸರು ಕೇಳಿದರೆ ಮಕ್ಕಳ ಪಾರ್ಕು ಅನ್ನಿಸುತ್ತದೆ, ಮಕ್ಕಳು ಕುಣಿಯುವುದಕ್ಕೆ ಅಲ್ಲಿ ಜಾಗವೂ ಇದೆ. ಆದರೆ ಅದೊಂದು ಇತಿಹಾಸದ ದಾಖಲೆಖಾನೆ ಅಂತ ನನಗೆ ಅನ್ನಿಸಿತು. ದಾಖಲೆಗಳು ಕಾಗದದ ಮೇಲಿಲ್ಲ, ಕೊಂಬೆಯ ಮೇಲೆ ಕೂತಿವೆ, ಅಷ್ಟೇ.

ಮೊದಲು ಆ ಫೋಟೋದ ಕಥೆ.

ಮರಿಗಳು ಬರುತ್ತಿದ್ದದ್ದು ಆಫ್ರಿಕಾದ ಕಾಡುಗಳಿಂದ, ಕಳ್ಳಸಾಗಣೆಯಲ್ಲಿ. ಚಿಂಪಾಂಜಿ ಮರಿ ನಾಲ್ಕೈದು ವರ್ಷ ತಾಯಿಯ ಹಾಲು ಕುಡಿಯುತ್ತದೆ. ಅದಾದ ಮೇಲೂ ವರ್ಷಗಟ್ಟಲೆ ತಾಯಿಯ ಬೆನ್ನ ಹಿಂದೆಯೇ ಇರುತ್ತದೆ. ಯಾವ ತಾಯಿಯೂ ಮರಿಯನ್ನು ತಾನಾಗಿ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಒಂದು ಮರಿ ಬೇಕು ಅಂದರೆ ತಾಯಿಗೆ ಗುಂಡು ಹೊಡೆಯಬೇಕು, ಅಡ್ಡ ಬಂದ ಗುಂಪಿನವರಿಗೂ ಹೊಡೆಯಬೇಕು. ದಾರಿಯಲ್ಲಿ ಎಷ್ಟೋ ಮರಿಗಳು ಸಾಯುತ್ತಿದ್ದವು. ಬೀಚಿಗೆ ಬಂದು ತಲುಪಿದ ಒಂದೊಂದು ಮರಿಯ ಹಿಂದೆಯೂ ಕಾಡಿನಲ್ಲಿ ಹಲವು ಹೆಣ.

ಬದುಕಿ ಬಂದವಕ್ಕೆ ಕಚ್ಚದಿರಲಿ ಅಂತ ಹಲ್ಲು ಕೀಳುತ್ತಿದ್ದರು. ಗಲಾಟೆ ಮಾಡದಿರಲಿ ಅಂತ ಮಂಪರು ಬರಿಸುವ ಔಷಧಿ ಕೊಡುತ್ತಿದ್ದರು. ಮಾತು ಕೇಳದಿದ್ದರೆ ಹೊಡೆತ, ಸಿಗರೇಟಿನ ಬರೆ. ಐದಾರು ವರ್ಷ ತುಂಬುವ ಹೊತ್ತಿಗೆ ಚಿಂಪಾಂಜಿಗೆ ಮನುಷ್ಯನನ್ನು ಎಳೆದು ಬಿಸಾಡುವಷ್ಟು ಬಲ ಬರುತ್ತದೆ. ಆಮೇಲೆ ಅದು ಫೋಟೋಗೆ ಪ್ರಯೋಜನವಿಲ್ಲ. ಹಾಗಾಗಿ ಅದನ್ನು ಕೊಲ್ಲುವುದು ಅಥವಾ ಸಾಗಹಾಕುವುದು, ಅದರ ಜಾಗಕ್ಕೆ ಹೊಸ ಮರಿ ತರುವುದು.

ಇನ್ನು ಆ ನಗು. ಚಿಂಪಾಂಜಿಗೆ ಖುಷಿಯಾದಾಗ, ಆಟದ ಹುಮ್ಮಸ್ಸಿನಲ್ಲಿದ್ದಾಗ, ಅದು ಬಾಯಿ ತೆರೆಯುತ್ತದೆ, ಆದರೆ ಮೇಲಿನ ತುಟಿ ಮೇಲಿನ ಹಲ್ಲನ್ನು ಮುಚ್ಚಿಕೊಂಡೇ ಇರುತ್ತದೆ. ಮೇಲಿನ ಕೆಳಗಿನ ಎರಡೂ ಸಾಲು ಹಲ್ಲು ಕಾಣುವ ಹಾಗೆ ತುಟಿ ಎಳೆದುಕೊಂಡಿದೆ ಅಂದರೆ ಅದು ಭಯ. ಆಲ್ಬಂಗಳಲ್ಲಿ, ಗ್ರೀಟಿಂಗ್ ಕಾರ್ಡುಗಳಲ್ಲಿ, ಹಳೇ ಸಿನಿಮಾಗಳಲ್ಲಿ ನಾವು ‘ಅಯ್ಯೋ, ಎಷ್ಟು ಮುದ್ದಾಗಿ ನಗ್ತಿದೆ ನೋಡು’ ಅಂದುಕೊಂಡದ್ದರಲ್ಲಿ ಬಹುಪಾಲು ಹೆದರಿದ ಮುಖಗಳು. ಈ ಒಂದು ಸಂಗತಿ ಗೊತ್ತಾದ ಮೇಲೆ ಹಳೇ ಫೋಟೋಗಳನ್ನು ಮತ್ತೆ ಮೊದಲಿನ ಹಾಗೆ ನೋಡುವುದಕ್ಕೆ ಆಗುವುದಿಲ್ಲ.

ಸ್ಪೇನಿನಲ್ಲೇ ನೆಲೆಸಿದ್ದ ಸೈಮನ್ ಮತ್ತು ಪೆಗ್ಗಿ ಟೆಂಪ್ಲರ್ ಎಂಬ ಇಂಗ್ಲಿಷ್ ದಂಪತಿ ಈ ದಂಧೆಯ ವಿರುದ್ಧ ನಿಂತರು. ಬೀಚಿನಿಂದ ಬಿಡಿಸಿದ ಚಿಂಪಾಂಜಿಗಳನ್ನು ತಮ್ಮ ಮನೆಯ ಆವರಣದಲ್ಲೇ ಸಾಕಿಕೊಂಡರು. ಅವರಿಗೆ ಎದುರಾದದ್ದು ಬಹಳ ಸರಳವಾದ, ಆದರೆ ದಾರಿ ಕಾಣದ ತೊಡಕು. ಕಾನೂನು ಬದ್ಧವಲ್ಲದ ಚಿಂಪಾಂಜಿಯನ್ನು ಪೊಲೀಸರು ಹಿಡಿದರು ಅಂತಲೇ ಇಟ್ಟುಕೊಳ್ಳಿ. ಹಿಡಿದು ಎಲ್ಲಿ ಇಡುವುದು? ಸ್ಟೇಷನ್ನಿನಲ್ಲಿ ಕೂರಿಸಿಕೊಳ್ಳೋಕಾಗುತ್ತಾ? ಇಡುವ ಜಾಗ ಇಲ್ಲದಿದ್ದರೆ ಕಾನೂನು ಇದ್ದೂ ಇಲ್ಲದ ಹಾಗೆ.

ಆ ಜಾಗ ಕಟ್ಟಿದವನು ಜಿಮ್ ಕ್ರೋನಿನ್. ಅಮೆರಿಕದ ನ್ಯೂಯಾರ್ಕ್ ಪಕ್ಕದ ಯಾಂಕರ್ಸ್ ಊರಿನವನು. 1980ರಲ್ಲಿ ಇಂಗ್ಲೆಂಡಿಗೆ ಬಂದು ಕೆಂಟ್‌ನ ಹೌಲೆಟ್ಸ್ ಮೃಗಾಲಯದಲ್ಲಿ ಪ್ರಾಣಿಪಾಲಕನಾಗಿದ್ದ. ಜೆರೆಮಿ ಕೀಲಿಂಗ್ ಎಂಬ ಮತ್ತೊಬ್ಬ ಪ್ರಾಣಿಪಾಲಕನನ್ನು ಜೊತೆಗೆ ಹಾಕಿಕೊಂಡು, ವೂಲ್ ಹತ್ತಿರ ಪಾಳುಬಿದ್ದ ಹಂದಿ ಸಾಕಣೆಯ ಜಾಗವನ್ನು ಹಿಡಿದು, 1987ರಲ್ಲಿ ಮಂಕಿ ವರ್ಲ್ಡ್ ತೆರೆದ. ಮೊದಲು ಬಂದವು ಸ್ಪೇನಿನ ಬೀಚಿನ ಚಿಂಪಾಂಜಿಗಳೇ. ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದಕ್ಕೆ ಸ್ಪೇನ್ ಸೇರಿದ್ದು ಅದರ ಹಿಂದಿನ ವರ್ಷ, 1986ರಲ್ಲಿ. ಒಂದು ಕಡೆ ಕಾನೂನು ಬಂತು, ಇನ್ನೊಂದು ಕಡೆ ಜಾಗ ಸಿಕ್ಕಿತು. ಬೀಚ್ ಫೋಟೋದ ದಂಧೆ ಮುಗಿದದ್ದು ಆ ಎರಡೂ ಕೂಡಿದ್ದರಿಂದ. ಒಳ್ಳೇ ಮನಸ್ಸು ಇದ್ದವರು ಮೊದಲೂ ಇದ್ದರು, ಆದರೆ ಅದೊಂದರಿಂದಲೇ ಆಗಿರಲಿಲ್ಲ.

ನಾನು ಹೋದದ್ದು ಆಫೀಸಿನ ಕೆಲಸಕ್ಕೆ ಇಂಗ್ಲೆಂಡಿಗೆ ಬಂದಾಗ. ಅಕ್ಕ-ಭಾವ ರೆಡಿಂಗ್‌ನಲ್ಲಿದ್ದಾರೆ. ಶನಿವಾರ ಬೆಳಿಗ್ಗೆ ಕಾರಿನಲ್ಲಿ ಹೊರಟೆವು, ಜೊತೆಗೆ ಅಕ್ಕನ ಮಗಳು, ಒಂಬತ್ತು ವರ್ಷ. ಬುತ್ತಿಗೆ ಅಕ್ಕ ಚಪಾತಿ-ಪಲ್ಯ ಕಟ್ಟಿದ್ದಳು. ‘ಕೋತಿಗಳ ಎದುರು ಬುತ್ತಿ ಬಿಚ್ಚೋದಾ? ನಂದಿ ಬೆಟ್ಟದ ಅನುಭವ ಮರೆತುಹೋಯ್ತಾ?’ ಅಂದರು ಭಾವ. ಅಲ್ಲಿ ಆ ಭಯ ಇಲ್ಲ. 65 ಎಕರೆ ಜಾಗ, 250ಕ್ಕೂ ಹೆಚ್ಚು ವಾನರಗಳು, ಆದರೆ ಯಾವುದೂ ನಿಮ್ಮ ಚೀಲಕ್ಕೆ ಕೈ ಹಾಕುವುದಿಲ್ಲ. ನೀವೂ ಅವುಗಳಿಗೆ ಏನೂ ಕೊಡುವ ಹಾಗಿಲ್ಲ.

ಚಿಂಪಾಂಜಿಗಳ ಅಂಗಳ ದೊಡ್ಡದು. ಮರದ ದಿಮ್ಮಿ, ಹಗ್ಗ, ಅಟ್ಟಣಿಗೆ. ಗುಂಪು ಗುಂಪಾಗಿ ಇವೆ. ಆಗಾಗ ಪ್ರಾಣಿಪಾಲಕರು ಬಂದು ನಿಂತು ಒಂದೊಂದರ ಚರಿತ್ರೆ ಹೇಳುತ್ತಾರೆ. ಆ ಮಾತುಗಳಲ್ಲಿ ಆಹಾರ, ತೂಕ, ಆವಾಸಸ್ಥಾನದಷ್ಟೇ ಬರುವುದು ಇನ್ನೊಂದು ವಿಷಯ: ಇದು ಎಲ್ಲಿಂದ ಬಂತು, ಯಾರು ಇಟ್ಟುಕೊಂಡಿದ್ದರು, ಯಾತಕ್ಕೆ ಇಟ್ಟುಕೊಂಡಿದ್ದರು. ಇದು ಬೀಚಿನದು. ಅದು ಸರ್ಕಸ್ಸಿನದು. ಆಚೆ ಕಡೆಯದ್ದು ಪ್ರಯೋಗಾಲಯದ್ದು. ಈ ಸಣ್ಣದ್ದು ಯಾರದೋ ಮನೆಯ ಹಾಲ್‌ನಲ್ಲಿ, ಹಕ್ಕಿಯ ಪಂಜರದಲ್ಲಿ ಇತ್ತು. ನಾನು ಕೇಳುತ್ತಾ ಹೋದ ಹಾಗೆ ಒಂದು ವಿಷಯ ಹೊಳೆಯಿತು. ಇದು ವಾನರಗಳ ಪಟ್ಟಿ ಅಲ್ಲ, ಮನುಷ್ಯನ ಚಟಗಳ ಪಟ್ಟಿ. ಯಾವ ಕಾಲದಲ್ಲಿ ನಮಗೆ ಏನು ಬೇಕಿತ್ತೋ ಅದಕ್ಕೆ ತಕ್ಕ ಹಾಗೆ ಗೇಟಿಗೆ ಬಂದು ಬಿದ್ದವರು ಇವರು.

ಒಂದು ಚಟ ಚಹಾದ್ದು. ಲಂಡನ್ ಮೃಗಾಲಯದಲ್ಲಿ 1926ರಿಂದ ‘ಚಿಂಪಾಂಜಿ ಟೀ ಪಾರ್ಟಿ’ ನಡೆಯುತ್ತಿತ್ತು. ಮೇಜು ಹಾಕಿ, ಬಟ್ಟೆ ತೊಡಿಸಿ, ಕಪ್ಪು-ಸಾಸರು ಕೊಟ್ಟು ಚಿಂಪಾಂಜಿಗಳನ್ನು ಕೂರಿಸುವುದು, ಜನ ಸುತ್ತ ನಿಂತು ನಗುವುದು. 1972ರವರೆಗೂ ನಡೆಯಿತು. ಅದನ್ನೇ ಹಿಡಿದುಕೊಂಡು ಪಿ.ಜಿ. ಟಿಪ್ಸ್ ಚಹಾ ಕಂಪನಿ 1956ರಲ್ಲಿ ಚಿಂಪಾಂಜಿಗಳ ಟಿವಿ ಜಾಹೀರಾತು ಶುರು ಮಾಡಿತು. ಬ್ರಿಟಿಷರ ಪಾಲಿಗೆ ಅದು ನಮ್ಮ ‘ನಿರ್ಮಾ’ ಜಾಹೀರಾತು ಇದ್ದ ಹಾಗೆ, ಬಾಯಿಪಾಠ. ಚಿಂಪಾಂಜಿಗಳು ಪೀಠೋಪಕರಣ ಹೊರುವ ಕೂಲಿಗಳಾದವು, ಗೂಢಚಾರರಾದವು, ಗಂಡ-ಹೆಂಡತಿಯಾದವು. 2002ಕ್ಕೆ ಅದು ನಿಂತಿತು. ತಮಾಷೆಯ ವಿಷಯ ಏನಂದರೆ, ಚಿಂಪಾಂಜಿಗಳು ಚಮಚ-ಕಪ್ಪು ಹಿಡಿಯುವುದನ್ನು ಕಲಿಯುವುದು ಬಹಳ ಬೇಗ, ಯಾಕೆಂದರೆ ಕಾಡಿನಲ್ಲೂ ಅವು ಉಪಕರಣ ಬಳಸುವ ಪ್ರಾಣಿಗಳು. 1960ರಲ್ಲಿ ಜೇನ್ ಗುಡಾಲ್ ಟಾಂಜಾನಿಯಾದ ಗೊಂಬೆ ಕಾಡಿನಲ್ಲಿ ಕೂತು, ಚಿಂಪಾಂಜಿಯೊಂದು ಹುಲ್ಲುಕಡ್ಡಿಯನ್ನು ಹುತ್ತದೊಳಗೆ ತೂರಿಸಿ ಗೆದ್ದಲು ತೆಗೆದು ತಿನ್ನುವುದನ್ನು ಕಂಡು ಜಗತ್ತಿಗೆ ಹೇಳಿದರು. ಉಪಕರಣ ಮಾಡುವವನು ಮನುಷ್ಯನೊಬ್ಬನೇ ಎಂಬ ನಂಬಿಕೆ ಅಲ್ಲಿಗೆ ಬಿದ್ದುಹೋಯಿತು. ಅದೇ ವರ್ಷಗಳಲ್ಲೇ ಲಂಡನ್ನಿನ ಜನ ಚಿಂಪಾಂಜಿ ಟೀ ಚೆಲ್ಲುವುದನ್ನು ನೋಡಿ ನಗುತ್ತಿದ್ದರು.

ಸರ್ಕಸ್ಸಿನ ಸರದಿಯಲ್ಲಿ ಟ್ರೂಡಿ ಎಂಬ ಹೆಣ್ಣು ಚಿಂಪಾಂಜಿಯ ಹೆಸರು ಬರುತ್ತದೆ. ಸರ್ಕಸ್ ತರಬೇತಿದಾರರ ಹತ್ತಿರ ಮರಿಯಾಗಿದ್ದಾಗ ಅದಕ್ಕೆ ಬಿದ್ದ ಏಟುಗಳನ್ನು ಗುಟ್ಟಾಗಿ ಚಿತ್ರೀಕರಿಸಿದ್ದರು. 1999ರಲ್ಲಿ ಕೋರ್ಟು ಹಿಂಸೆಯ ಆರೋಪವನ್ನು ಎತ್ತಿಹಿಡಿಯಿತು. ಟ್ರೂಡಿ ಮಂಕಿ ವರ್ಲ್ಡ್‌ನಲ್ಲಿ ಇತರ ಚಿಂಪಾಂಜಿಗಳ ಜೊತೆ ಬೆಳೆಯಿತು.

ಟ್ರೂಡಿಯ ವಿಷಯ ಕೇಳುತ್ತಿದ್ದ ಅಕ್ಕ ಮೆಲ್ಲಗೆ, ‘ನಮ್ಮ ಬೀದಿಗೆ ಬರ್ತಿದ್ದನಲ್ಲೋ, ಕೋತಿ ಆಡಿಸೋನು. ಡಮರುಗ ಬಾರಿಸ್ಕೊಂಡು. ಅಮ್ಮ ಮೊರದಲ್ಲಿ ಅಕ್ಕಿ ಕೊಡ್ತಿದ್ರು’ ಅಂದಳು. ನನಗೆ ಆ ಡಮರುಗದ ಸದ್ದಷ್ಟೇ ನೆನಪು. ಆ ಸದ್ದು ನಿಂತದ್ದಕ್ಕೂ ಒಂದು ತಾರೀಖಿದೆ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಪಳಗಿಸಿ ಆಡಿಸುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ 1998ರಲ್ಲಿ ಅಧಿಸೂಚನೆ ಹೊರಡಿಸಿತು. ಸರ್ಕಸ್ಸಿನವರು ಕೋರ್ಟಿಗೆ ಹೋದರು. 2001ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಪರವಾಗಿ ತೀರ್ಪು ಕೊಟ್ಟಿತು. ನನ್ನ ವಯಸ್ಸಿನವರು ಕೋತಿಯಾಟ ನೋಡಿದ ಕೊನೆಯ ತಲೆಮಾರು ಇರಬಹುದು. ಆ ಆಟದವನಿಗೆ ಬೇರೆ ಹೊಟ್ಟೆಪಾಡು ಸಿಕ್ಕಿತೋ ಇಲ್ಲವೋ ಅಂತ ನಾವ್ಯಾರೂ ಕೇಳಲಿಲ್ಲ ಅನ್ನುವುದೂ ಈ ಇತಿಹಾಸದ ಒಂದು ಸಾಲೇ.

ಮುಂದಿನದ್ದು ಪ್ರಯೋಗಾಲಯದ ಲೆಕ್ಕ, ಇದು ಅಷ್ಟು ಸಲೀಸಲ್ಲ. 2008ರ ಜನವರಿಯಲ್ಲಿ ಚಿಲಿ ದೇಶದ ಸಾಂಟಿಯಾಗೊ ನಗರದ ಪ್ರಯೋಗಾಲಯವೊಂದರಿಂದ 88 ಕಪುಚಿನ್ ಮಂಗಗಳು ಇಲ್ಲಿಗೆ ಬಂದವು. ಚಿಲಿಯ ವಾಯುಪಡೆಯೇ ತನ್ನ ವಿಮಾನದಲ್ಲಿ ಅವನ್ನು ತಂದು ಇಳಿಸಿತು. ಗುಂಪಿನಲ್ಲಿ ಬದುಕುವ ಜಾತಿ ಅದು. ಅವುಗಳಲ್ಲಿ ಕೆಲವು ವರ್ಷಗಟ್ಟಲೆ ಒಂಟಿ ಪಂಜರದಲ್ಲಿ ಇದ್ದವು. ಈಗ ಅವು ಹುಲ್ಲಿನ ಮೇಲೆ ಓಡಾಡಿಕೊಂಡು, ಕಾಯಿ ಕುಟ್ಟಿಕೊಂಡು, ಜಗಳ ಆಡಿಕೊಂಡು ಇರುವುದನ್ನು ನೋಡಿದರೆ ಖುಷಿಯಾಗುತ್ತದೆ. ಆದರೆ ಅವುಗಳ ಎದುರು ನಿಂತು ‘ಪಾಪಿ ವಿಜ್ಞಾನಿಗಳು’ ಅಂತ ಬೈದು ಮುಂದೆ ಹೋಗುವುದಕ್ಕೆ ನನಗಂತೂ ಬಾಯಿ ಬರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಭಾರತ ಮತ್ತು ಲಂಡನ್ ಏರ್‌ಪೋರ್ಟಿನ ಒಂದು ಹಳೇ ಕಥೆ ಹೇಳಬೇಕು.

1955ರ ಏಪ್ರಿಲ್ 12ರಂದು ಅಮೆರಿಕದಲ್ಲಿ ಜೋನಸ್ ಸಾಕ್ ಅವರ ಪೋಲಿಯೋ ಲಸಿಕೆ ಯಶಸ್ವಿ ಅಂತ ಘೋಷಣೆ ಆಯಿತು. ಆ ಲಸಿಕೆಗೆ ಬೇಕಾದ ವೈರಸ್ಸನ್ನು ಬೆಳೆಸುತ್ತಿದ್ದದ್ದು ಮಂಗಗಳ ಮೂತ್ರಪಿಂಡದ ಜೀವಕೋಶಗಳಲ್ಲಿ. ಮುಖ್ಯವಾಗಿ ರೀಸಸ್ ಮಂಗ, ಉತ್ತರ ಭಾರತದ ಊರು-ದೇವಸ್ಥಾನಗಳಲ್ಲಿ ಓಡಾಡುವ ಕೆಂಪು ಮುಖದ ಮಂಗ. 1950ರ ದಶಕದ ಕೊನೆಗೆ ವರ್ಷಕ್ಕೆ ಲಕ್ಷಕ್ಕೂ ಮೀರಿ ಮಂಗಗಳು ಭಾರತದಿಂದ ವಿಮಾನದಲ್ಲಿ ಹೊರಗೆ ಹೋಗುತ್ತಿದ್ದವು. ಘೋಷಣೆಗೆ ಕೆಲವೇ ತಿಂಗಳ ಹಿಂದೆ, 1955ರ ಜನವರಿಯಲ್ಲಿ, ಲಂಡನ್ ಏರ್‌ಪೋರ್ಟಿನಲ್ಲಿ ನ್ಯೂಯಾರ್ಕ್ ವಿಮಾನಕ್ಕೆ ಕಾಯುತ್ತಿದ್ದ ಸುಮಾರು 400 ಮಂಗಗಳು ವ್ಯಾನಿನೊಳಗೆ ಉಸಿರುಕಟ್ಟಿ ಸತ್ತವು. ಸುದ್ದಿ ಭಾರತಕ್ಕೆ ಮುಟ್ಟಿತು, ಸರ್ಕಾರ ರಫ್ತು ನಿಲ್ಲಿಸಿತು. ಲಸಿಕೆ ತಯಾರಕರಿಗೆ ಕೈಕಾಲು ಆಡದ ಹಾಗಾಯಿತು. ಮಾತುಕತೆ ನಡೆದು, ಈ ಮಂಗಗಳನ್ನು ಪೋಲಿಯೋ ಲಸಿಕೆಗೆ ಮತ್ತು ಅತ್ಯಗತ್ಯವಾದ ವೈದ್ಯಕೀಯ ಸಂಶೋಧನೆಗೆ ಮಾತ್ರ ಬಳಸುತ್ತೇವೆ ಎಂಬ ಮಾತಿನ ಮೇಲೆ ರಫ್ತು ಮತ್ತೆ ಶುರುವಾಯಿತು.

ಆ ಮಾತು ಉಳಿಯಲಿಲ್ಲ. 1959ರಿಂದ ಅಮೆರಿಕದ ಚಾರ್ಲ್ಸ್ ಸೌತ್‌ವಿಕ್ ಮತ್ತು ಅಲಿಗಢದ ಎಂ. ರಫೀಕ್ ಸಿದ್ದೀಕಿ ಉತ್ತರ ಪ್ರದೇಶದಲ್ಲಿ ಮಂಗಗಳನ್ನು ಎಣಿಸುತ್ತಾ ಬಂದಿದ್ದರು. ಎಣಿಕೆ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿತ್ತು. ಇನ್ನೊಂದು ಕಡೆ, ಶರ್ಲಿ ಮೆಕ್‌ಗ್ರೀಲ್ ಎಂಬಾಕೆ 1973ರಲ್ಲಿ ಕಟ್ಟಿದ ಇಂಟರ್‌ನ್ಯಾಷನಲ್ ಪ್ರೈಮೇಟ್ ಪ್ರೊಟೆಕ್ಷನ್ ಲೀಗ್, ಅಮೆರಿಕದ ಸೇನೆಯ ಪ್ರಯೋಗಾಲಯದಲ್ಲಿ ಮಂಗಗಳ ಮೇಲೆ ವಿಕಿರಣದ ಪ್ರಯೋಗ ನಡೆಯುತ್ತಿರುವುದನ್ನು ಬಯಲಿಗೆಳೆಯಿತು. ಅಂದರೆ ಮಕ್ಕಳ ಲಸಿಕೆಗೆ ಅಂತ ಕೊಟ್ಟ ಮಂಗ ಯುದ್ಧದ ಲೆಕ್ಕಾಚಾರಕ್ಕೆ ಹೋಗಿತ್ತು. ಮೊರಾರ್ಜಿ ದೇಸಾಯಿ ಸರ್ಕಾರ 1978ರ ಏಪ್ರಿಲ್‌ನಿಂದ ರಫ್ತನ್ನು ಪೂರ್ತಿ ನಿಲ್ಲಿಸಿತು. ಹೊರಗಿನಿಂದ ಒತ್ತಡ ಬಂದರೂ ಭಾರತ ಜಗ್ಗಲಿಲ್ಲ. ಮಂಗಗಳ ಸಂಖ್ಯೆ ನಿಧಾನಕ್ಕೆ ಮೇಲೆದ್ದಿತು.

2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ನಮ್ಮಲ್ಲಿ ಯಾರ ಬಾಯಿಗೂ ಆ ಎರಡು ಹನಿ ಬೀಳದೆ ಇರಲಿಲ್ಲ. ನಮ್ಮ ಅಪ್ಪನ ಕಾಲದಲ್ಲಿ ಪ್ರತಿ ಊರಲ್ಲೂ ಪೋಲಿಯೋ ಆದ ಒಬ್ಬರಾದರೂ ಇರುತ್ತಿದ್ದರು, ನಮ್ಮ ಕಾಲಕ್ಕೆ ಇಲ್ಲ. ಆ ‘ಇಲ್ಲ’ದ ಹಿಂದೆ ಲಕ್ಷಾಂತರ ಮಂಗಗಳಿವೆ. ಹಾಗಾಗಿ ಬೀಚಿನ ಫೋಟೋವನ್ನೂ ಲಸಿಕೆಯನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಒಂದರಲ್ಲಿ ಅಗತ್ಯ ಇತ್ತು, ಇನ್ನೊಂದರಲ್ಲಿ ಬರೀ ಶೋಕಿ. ಆದರೆ ಅಗತ್ಯ ಅಂತ ಒಮ್ಮೆ ಬಾಗಿಲು ತೆಗೆದರೆ, ಅದೇ ಬಾಗಿಲಿನಿಂದ ಏನೇನು ನುಗ್ಗುತ್ತದೆ ಅನ್ನುವುದಕ್ಕೆ 1955ರಿಂದ 1978ರವರೆಗಿನ ನಮ್ಮದೇ ಚರಿತ್ರೆ ಸಾಕ್ಷಿ.

ಮಧ್ಯಾಹ್ನ ಬುತ್ತಿ ತಿನ್ನುವಾಗ ಅಕ್ಕನ ಮಗಳು ಕೇಳಿದಳು: ‘ಮಾಮ, ಇವರನ್ನೆಲ್ಲ ವಾಪಸ್ ಕಾಡಿಗೆ ಯಾಕೆ ಬಿಡಲ್ಲ?’

ಮೃಗಾಲಯದ ಬಗ್ಗೆ ಕೇಳಬೇಕಾದ ಪ್ರಶ್ನೆ ಅದೊಂದೇ ಅಂತ ನನಗೂ ಅನ್ನಿಸಿತು. ‘ಅವಕ್ಕೆ ಕಾಡು ಗೊತ್ತಿಲ್ಲ ಪುಟ್ಟಾ’ ಅಂದೆ. ಯಾವ ಹಣ್ಣು ತಿನ್ನಬೇಕು, ಯಾವುದನ್ನು ತಿನ್ನಬಾರದು, ಚಿರತೆ ಬಂದರೆ ಏನು ಮಾಡಬೇಕು, ರಾತ್ರಿ ಮಲಗೋಕೆ ಕೊಂಬೆ ಬಗ್ಗಿಸಿ ಗೂಡು ಕಟ್ಟೋದು ಹೇಗೆ, ಇದನ್ನೆಲ್ಲ ಚಿಂಪಾಂಜಿ ಕಲಿಯುವುದು ತಾಯಿಯನ್ನು ನೋಡಿ. ತಾಯಿಯನ್ನು ಕೊಂದವರು ಆ ಪಾಠಶಾಲೆಯನ್ನೂ ಮುಚ್ಚಿದ ಹಾಗೆ. ಮನುಷ್ಯರ ಮಧ್ಯೆ ಬೆಳೆದದ್ದಕ್ಕೆ ಮನುಷ್ಯರ ಭಯ ಇಲ್ಲ, ಹಳ್ಳಿಗೆ ನುಗ್ಗುತ್ತದೆ. ನಮ್ಮ ರೋಗಗಳನ್ನು ಕಾಡಿನವರಿಗೆ ದಾಟಿಸಬಹುದು. ಜೊತೆಗೆ, ಕಾಡಿನಲ್ಲಿ ಮೊದಲೇ ಇರುವ ಚಿಂಪಾಂಜಿ ಗುಂಪುಗಳು ಹೊಸಬರನ್ನು ಸುಲಭಕ್ಕೆ ಸೇರಿಸಿಕೊಳ್ಳುವುದಿಲ್ಲ, ಕೊಲ್ಲುವುದೂ ಉಂಟು.

ಚಿಂಪಾಂಜಿ ಐವತ್ತು ವರ್ಷ ಬದುಕುತ್ತದೆ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಹೆಚ್ಚು. ಬೀಚಿನಲ್ಲಿ ಅದು ಕೆಲಸಕ್ಕೆ ಬಂದದ್ದು ನಾಲ್ಕೈದು ವರ್ಷ. ಉಳಿದ ನಲವತ್ತೈದು ವರ್ಷದ ಊಟ, ಔಷಧಿ, ಚಳಿಗಾಲದ ಹೀಟರು, ಡಾಕ್ಟರ ಫೀಸು, ಜೊತೆಗಾರರನ್ನು ಹುಡುಕಿ ಹೊಂದಿಸುವ ಕಷ್ಟ, ಎಲ್ಲ ಯಾರೋ ಬೇರೆಯವರ ತಲೆಗೆ. ಜಿಮ್ ಕ್ರೋನಿನ್ 2007ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ, 55ನೇ ವಯಸ್ಸಿಗೆ. ಅವನು ತಂದ ಪ್ರಾಣಿಗಳಲ್ಲಿ ಎಷ್ಟೋ ಅವನಿಗಿಂತ ಹೆಚ್ಚು ಕಾಲ ಬದುಕಿದವು. ಹೆಂಡತಿ ಆಲಿಸನ್ ಕ್ರೋನಿನ್ ಈಗಲೂ ನಡೆಸುತ್ತಿದ್ದಾರೆ.

ಇನ್ನೊಂದು ಸಂಗತಿ ಕೇಳಿ ಮೊದಲು ವಿಚಿತ್ರ ಅನ್ನಿಸಿತು. ಇಲ್ಲಿನ ಹೆಣ್ಣು ಚಿಂಪಾಂಜಿಗಳಿಗೆ ಗರ್ಭನಿರೋಧಕ ಕೊಡುತ್ತಾರೆ. ಅಳಿವಿನಂಚಿನ ಪ್ರಾಣಿಗೆ ಗರ್ಭನಿರೋಧಕವೇ? ಯೋಚಿಸಿದರೆ ಅರ್ಥ ಆಗುತ್ತದೆ. ಇಲ್ಲಿ ಹುಟ್ಟುವ ಒಂದೊಂದು ಮರಿಯೂ ಹೊರಗೆ ಕಾಯುತ್ತಿರುವ ಇನ್ನೊಂದು ಅನಾಥ ಮರಿಯ ಜಾಗ ತಿನ್ನುತ್ತದೆ. ಅದೇ ಒರಾಂಗುಟಾನ್‌ಗಳ ವಿಷಯದಲ್ಲಿ ಯುರೋಪಿನ ಮೃಗಾಲಯಗಳೆಲ್ಲ ಸೇರಿ ನಡೆಸುವ ಸಂತಾನ ಕಾರ್ಯಕ್ರಮ ಇದೆ. ತಾಯಿ ನೋಡಿಕೊಳ್ಳದೆ ಬಿಟ್ಟ ಒರಾಂಗುಟಾನ್ ಮರಿಗಳನ್ನು ಬೇರೆ ಬೇರೆ ದೇಶದಿಂದ ಇಲ್ಲಿಗೆ ಕಳಿಸುತ್ತಾರೆ, ಮರಿಗಳು ಒಟ್ಟಿಗೆ ಒಂದು ಬಾಲವಾಡಿಯಲ್ಲಿ ಬೆಳೆದ ಹಾಗೆ ಬೆಳೆಯುತ್ತವೆ. ಕಾಡಿಗೆ ವಾಪಸ್ ಬಿಡುವ ಕೆಲಸ ಆಗುವುದು ಕಾಡಿನ ಹತ್ತಿರವೇ. ವಿಯೆಟ್ನಾಂನ ಕಾಟ್ ಟಿಯೆನ್ ರಾಷ್ಟ್ರೀಯ ಉದ್ಯಾನದ ಪಕ್ಕ, ಡಾಂಗ್ ನಾಯ್ ನದಿಯ ನಡುವಿನ ದಾವ್ ಟಿಯೆನ್ ದ್ವೀಪದಲ್ಲಿ ಮಂಕಿ ವರ್ಲ್ಡ್‌ನವರು 2008ರಿಂದ ಒಂದು ಕೇಂದ್ರ ನಡೆಸಲು ನೆರವಾಗಿದ್ದಾರೆ. ಅಲ್ಲಿ ಬೇಟೆಗಾರರಿಂದ ಬಿಡಿಸಿದ ಗಿಬ್ಬನ್‌ಗಳನ್ನು ಚೇತರಿಸಿಕೊಳ್ಳುವವರೆಗೆ ಇಟ್ಟುಕೊಂಡು ಅದೇ ಕಾಡಿಗೆ ಬಿಡುತ್ತಾರೆ. ಡಾರ್ಸೆಟ್‌ನಲ್ಲಿ ನಡೆಯುವುದು ಆದ ಅನ್ಯಾಯಕ್ಕೆ ಆರೈಕೆ, ವಿಯೆಟ್ನಾಂನಲ್ಲಿ ನಡೆಯುವುದು ಸಂರಕ್ಷಣೆ. ಎರಡೂ ಬೇಕು, ಆದರೆ ಎರಡೂ ಒಂದೇ ಅಲ್ಲ.

ಮೂಲದಲ್ಲೇ ತಡೆಯದಿದ್ದರೆ ಈ ಆರೈಕೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ತೈವಾನಿನ ಉದಾಹರಣೆ ನೋಡಿ. 1980ರ ದಶಕದಲ್ಲಿ ಅಲ್ಲಿನ ಟಿವಿ ಕಾರ್ಯಕ್ರಮವೊಂದರಲ್ಲಿ ಒರಾಂಗುಟಾನ್ ಮರಿಯನ್ನು ಮನೆಯಲ್ಲಿ ಸಾಕುವ ಮುದ್ದಿನ ಪ್ರಾಣಿಯ ಹಾಗೆ ತೋರಿಸಿದರು. ಎಲ್ಲರಿಗೂ ಒಂದೊಂದು ಬೇಕಾಯಿತು. ಬೋರ್ನಿಯೋ ಕಾಡಿನಿಂದ ನೂರಾರು ಮರಿಗಳು ಬಂದವು. ಅವು ಬೆಳೆದು ದೊಡ್ಡವಾದ ಮೇಲೆ ಬೀದಿಗೆ ಬಂದವು. 1989ರಲ್ಲಿ ತೈವಾನ್ ವನ್ಯಜೀವಿ ಕಾನೂನು ಮಾಡಿತು, ಬಿಟ್ಟ ಪ್ರಾಣಿಗಳಿಗೆ ಪಿಂಗ್‌ಟುಂಗ್‌ನಲ್ಲಿ ಕೇಂದ್ರ ಕಟ್ಟಬೇಕಾಯಿತು. ಬ್ರಿಟನ್ನನ್ನೇ ನೋಡಿ. ಸ್ಪೇನಿಗೆ, ತೈವಾನಿಗೆ ಬುದ್ಧಿ ಹೇಳಿದ ದೇಶದಲ್ಲೇ ಮಾರ್ಮೊಸೆಟ್ ಎಂಬ ಅಂಗೈ ಅಗಲದ ಮಂಗವನ್ನು ಯಾರು ಬೇಕಾದರೂ ಕೊಂಡು, ಪಂಜರಕ್ಕೆ ಹಾಕಿ ಸೋಫಾ ಪಕ್ಕ ಇಟ್ಟುಕೊಳ್ಳಬಹುದಿತ್ತು. ಬಿಸಿಲಿಲ್ಲದೆ ಅವಕ್ಕೆ ಮೂಳೆ ಸೊಟ್ಟಗಾಗುವ ರೋಗ ಬರುತ್ತದೆ. ಮಂಕಿ ವರ್ಲ್ಡ್ ಮತ್ತಿತರರು ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ, ಮೃಗಾಲಯದ ಮಟ್ಟದ ವ್ಯವಸ್ಥೆ ಮತ್ತು ಲೈಸೆನ್ಸ್ ಇಲ್ಲದೆ ವಾನರ ಸಾಕುವ ಹಾಗಿಲ್ಲ ಎಂಬ ನಿಯಮ ಇಂಗ್ಲೆಂಡಿನಲ್ಲಿ 2024ರಲ್ಲಿ ಆಯಿತು. ಜಾರಿಗೆ ಇಟ್ಟ ದಿನ 2026ರ ಏಪ್ರಿಲ್ 6. ಬೀಚಿನ ಚಿಂಪಾಂಜಿಗಳಿಗೆ ಮನೆ ಕೊಟ್ಟ ದೇಶ ತನ್ನ ಮನೆಯೊಳಗಿನ ಮಂಗದ ಬಗ್ಗೆ ಕಾನೂನು ಮಾಡುವುದಕ್ಕೆ ಮೂವತ್ತೇಳು ವರ್ಷ ಹಿಡಿಯಿತು.

ಬೇರೆಯವರ ಎಲೆಯಲ್ಲಿ ಬಿದ್ದ ನೊಣ ನಮಗೆ ಬೇಗ ಕಾಣುತ್ತದೆ. ನಮ್ಮ ಎಲೆ ಹೇಗಿದೆ?

ಕನ್ನಡದಲ್ಲಿ ವಾನರಕ್ಕೆ ಎಷ್ಟು ಹೆಸರಿದೆ ನೋಡಿ. ಊರೊಳಗೆ ಚಿಪ್ಸ್ ಪ್ಯಾಕೆಟ್ಟು ಕಿತ್ತುಕೊಳ್ಳುವುದು ಕೋತಿ. ಉದ್ದ ಬಾಲದ, ಕರಿ ಮೂತಿಯದ್ದು ಮುಸುವ. ರಾತ್ರಿ ಹೊರಗೆ ಬರುವ ದೊಡ್ಡ ಕಣ್ಣಿನ ಪುಟಾಣಿ ಕಾಡುಪಾಪ, ಬೆಂಗಳೂರಿನ ಕೆಲವು ಹಳೇ ಕ್ಯಾಂಪಸ್ಸುಗಳ ಮರಗಳಲ್ಲಿ ಈಗಲೂ ಇದೆ. ಮಳೆಕಾಡಿನ ಎತ್ತರದ ಮರಗಳಲ್ಲಿ, ಮುಖದ ಸುತ್ತ ಬೆಳ್ಳಿ ಕೇಸರ ಇರುವುದು ಸಿಂಗಳೀಕ. ನೋಡಿದ್ದಕ್ಕೇ ಹೆಸರಿಟ್ಟಿದ್ದಾರೆ ನಮ್ಮವರು. ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟರೆ ಭೂಮಿಯ ಮೇಲೆ ಬೇರೆ ಎಲ್ಲೂ ಕಾಡಿನಲ್ಲಿಲ್ಲ. 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ ಅದರ ಹೆಸರಿನ ಸಂರಕ್ಷಣಾ ಮೀಸಲು ಆಯಿತು. 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯಕ್ಕೂ ಅದರ ಹೆಸರೇ ಬಂತು. ಅದೇ ಶರಾವತಿ ಕಣಿವೆಯಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯ ಪ್ರಸ್ತಾಪವೂ ಇದೆ. ಕರೆಂಟು ಬೇಕಿರುವುದು ಬಹುಪಾಲು ನಮ್ಮಂಥ ನಗರದವರಿಗೆ. ಸಿಂಗಳೀಕ ನೆಲಕ್ಕೆ ಇಳಿಯುವುದು ಅಪರೂಪ, ಅದಕ್ಕೆ ಒಂದರ ಕೊಂಬೆ ಇನ್ನೊಂದಕ್ಕೆ ತಾಗುವ ಮರಗಳು ಬೇಕು. ಕಾಡು ತುಂಡಾದರೆ ಗುಂಪು ದ್ವೀಪದಲ್ಲಿ ಸಿಕ್ಕಿಕೊಂಡ ಹಾಗೆ. ಇಲ್ಲಿ ಬೀಚಿನ ಫೋಟೋಗ್ರಾಫರ್‌ನಂಥ ಖಳನಾಯಕ ಯಾರೂ ಇಲ್ಲ. ಅಗತ್ಯ ಯಾವುದು, ಶೋಕಿ ಯಾವುದು ಅಂತ ಹೇಳುವುದು ಇನ್ನೂ ಕಷ್ಟ. ಅದಕ್ಕೇ ಆ ಪ್ರಶ್ನೆಯನ್ನು ಯೋಜನೆ ಮುಗಿದ ಮೇಲೆ ಅಲ್ಲ, ಈಗಲೇ ಕೇಳಬೇಕು.

ಇನ್ನು ಫೋಟೋ. 2009ರಲ್ಲಿ ಯೂಟ್ಯೂಬಿನಲ್ಲಿ ಒಂದು ವಿಡಿಯೋ ಜಗತ್ತೆಲ್ಲ ಸುತ್ತಿತು. ನಮ್ಮ ಕಾಡುಪಾಪದ ಆಗ್ನೇಯ ಏಷ್ಯಾದ ನೆಂಟ ಸ್ಲೋ ಲೋರಿಸ್‌ಗೆ ಯಾರೋ ಕಚಗುಳಿ ಇಡುತ್ತಾರೆ, ಅದು ಎರಡೂ ಕೈ ಮೇಲೆತ್ತಿ ಸುಮ್ಮನಿರುತ್ತದೆ. ಕೋಟಿಗಟ್ಟಲೆ ಜನ ‘ಸೋ ಕ್ಯೂಟ್’ ಅಂದರು, ನನಗೂ ಒಂದು ಬೇಕು ಅಂದರು. ಸ್ಲೋ ಲೋರಿಸ್‌ನ ಮೊಣಕೈ ಹತ್ತಿರ ವಿಷದ ಗ್ರಂಥಿ ಇದೆ. ಹೆದರಿದಾಗ ಅದು ಕೈ ಎತ್ತುವುದು ಆ ಗ್ರಂಥಿಗೆ ಬಾಯಿ ತಾಗಿಸಿಕೊಂಡು ಕಚ್ಚಲು ಸಿದ್ಧವಾಗುವುದಕ್ಕೆ. ಮಾರುವವರು ಅದು ಕಚ್ಚದಿರಲಿ ಅಂತ ಮೊದಲೇ ಹಲ್ಲು ಕತ್ತರಿಸಿರುತ್ತಾರೆ. ಬೀಚಿನ ಚಿಂಪಾಂಜಿಯ ಕಥೆಯೇ, ಹಲ್ಲಿನ ಸಮೇತ. ವ್ಯತ್ಯಾಸ ಇಷ್ಟೇ: ಅವತ್ತು ಫೋಟೋ ಬೇಕಾದರೆ ಸ್ಪೇನಿಗೆ ಹೋಗಿ ದುಡ್ಡು ಕೊಡಬೇಕಿತ್ತು. ಇವತ್ತು ಮೆಟ್ರೋದಲ್ಲಿ ನಿಂತುಕೊಂಡೇ ಒಂದು ಲೈಕ್ ಒತ್ತಿದರೆ ಸಾಕು.

ಸ್ಪೇನಿನ ಆ ಅಪ್ಪ-ಅಮ್ಮ ಕೆಟ್ಟವರೇನಲ್ಲ. ಅವರಿಗೆ ಗೊತ್ತಿರಲಿಲ್ಲ. ಹಲ್ಲು ಕಾಣಿಸಿದರೆ ಭಯ, ಕೈ ಎತ್ತಿದರೆ ಭಯ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಇಷ್ಟು ಓದಿದ ಮೇಲೆ ನೀವು ಮತ್ತು ನಾನು ಆ ಮಾತು ಹೇಳುವ ಹಾಗಿಲ್ಲ.